ಗಿಡ ಹಚ್ಚಿದೋರು, ಫೋಟೋ ತೆಗಿಸಿಕೊಂಡೋರು

ಹುಡುಗರನ್ನ ಕರಕೊಂಡು ಗಿಡ ಹಚ್ಚಲಿಕ್ಕ ಹೋದಾಗೆಲ್ಲಾ ನನಗ ಒಂದಿಲ್ಲೊಂದು ಹಿಂಥಾದ್ದು ಆಗೇ ಆಗ್ತದ. ನಗಬೇಕೋ ಬೈಬೇಕೋ ತಿಳಿಯಂಗಿಲ್ಲ. ನಾನಂತೂ ಮನಸಾರೆ ಬೈದೀನಿ, ನೀವು ಬೇಕಾದ್ರ ನಗ್ರಿ.

ತೊಂಬತ್ತರ ದಶಕದ ಮಾತು. ಕಲಬುರಗಿಯ ಒಂದು ಕಾಲೇಜಿನ್ಯಾಗ ನಾನು ಸಸ್ಯಶಾಸ್ತ್ರ ಕಲಿಸ್ತಿದ್ದೆ. ಪುಸ್ತಕದ ಜೋಡಿ ಒಂದೀಟು ಮಣ್ಣೂ ಮುಟ್ಟಲಿ ಅಂತ ಹುಡುಗ-ಹುಡುಗೇರನ್ನ ಕರಕೊಂಡು ಕಮಲಾಪುರಕ್ಕ ಹೋಗಿ, ಊರ ಹೊರಗಿನ ಬೋಳು ಬಯಲಿನ್ಯಾಗ ಬೇವಿನ ಗಿಡ ಹಚ್ಚೋ ಕೆಲಸ ಹಿಡದೆ. ಅಲ್ಲಿ ಬಸ್ಸಿಗಿ ಕಾಯೋ ಮಂದಿಗಿ ತಲೀ ಮರಿಮಾಡೋ ಅಷ್ಟೂ ನೆರಳಿರಲಿಲ್ಲ. ನಮ್ಮ ಕಡೀ ಬ್ಯಾಸಗಿ ನಿಮಗ ಹೇಳೋದೇನದ? ಗಿಡ ಬದುಕಬೇಕು, ನಮಗ ಬೇಕಾಗಿದ್ದು ಅದೊಂದೇ. ಉಳಿದೋರಿಗಿ ಬೇಕಾಗಿದ್ದು ಬ್ಯಾರೇನೇ.

ಮತ್ತ ಮತ್ತ ಹಚ್ಚಿದ ಗಿಡ

ಮೊದಲನೇ ದಿನ ಕುಣಿ ತಯಾರು, ಸಸಿ ತಯಾರು, ಮುಖ್ಯ ಅತಿಥಿಗಳದ್ದೇ ಪತ್ತೆ ಇಲ್ಲ. "ಅವರು ಬರೋತನಾ ಯಾರೂ ಗಿಡ ಮುಟ್ಟಬಾರದು" ಅಂತ ನಮ್ಮ ಪ್ರಿನ್ಸಿಪಾಲರ ಹುಕುಂ. ಬಿಸಲೇರಿತು, ಸಸಿ ಬಾಡಲಿಕ್ಕತ್ತವು. ಹುಡುಗರಿಗಿ ತಲಿ ಕೆಟ್ಟು ಎಲ್ಲಾ ಗಿಡ ಹಚ್ಚಿ ನೀರು ಹಾಕೇಬಿಟ್ರು. ಆಗ ಬಂತ್ರೀ ಅತಿಥಿಗಳ ಜೀಪು!

"ಒಂದು ಕೀಳ್ರಿ, ಜಲ್ದಿ!" ಅಂದ್ರು ಪ್ರಿನ್ಸಿಪಾಲರು.

ಕಿತ್ತಿವಿ. ಅತಿಥಿಗಳು ಹಚ್ಚಿದ್ರು, ಚಪ್ಪಾಳಿ ಆತು. ವೇದಿಕೆ ಮ್ಯಾಲಿದ್ದ ಇನ್ನೊಬ್ಬ ದೊಡ್ಡವರಿಗಿ ಸಿಟ್ಟು ಬಂತು. "ನಾವೇನು ಬರೀ ಹಾರ ಹಾಕಿಸಿಕೊಳ್ಳಲಿಕ್ಕ ಬಂದೇವೇನ್ರೀ?" ಅಂದ್ರು. ಹಿಂದ ಬ್ಯಾನರ್ ಕಾಣಬೇಕಲ್ಲ, ಅದಕ್ಕ ಅದೇ ಕುಣಿ, ಅದೇ ಗಿಡ! ಮತ್ತ ಕಿತ್ತಿವಿ, ಅವರೂ ಹಚ್ಚಿದ್ರು. ಆಮ್ಯಾಲ ಫೋಟೋದಂವ, "ಸಾಬ್, ರೀಲ್ ತಿರುಗಿಲ್ಲ, ಇನ್ನೊಮ್ಮೆ" ಅಂದ. ನನ್ನ ಮೈ ಉರದು ಹೋತು. ಎಲ್ಲಾ ಮುಗಿದ ಮ್ಯಾಲ ಅತಿಥಿಗಳು ಕಮಲಾಪುರದ ಕೆಂಪು ಬಾಳಿಹಣ್ಣು ತಿಂದು, ಸಿಪ್ಪಿ ಅದೇ ಕುಣ್ಯಾಗ ಒಗದು, "ಯುವಜನರು ಪರಿಸರ ಸ್ವಚ್ಛ ಇಡಬೇಕು" ಅಂತ ಭಾಷಣ ಮಾಡಿ ಹೋದ್ರು.

ನಮ್ಮ ಹುಡುಗನೊಬ್ಬ ಬಗ್ಗಿ ಆ ಗಿಡ ನೋಡಿದ. "ಮೇಡಂ, ಇದಕ್ಕ ನೀರು ಸಾಲಂಗಿಲ್ರೀ. ಗ್ಲೂಕೋಸ್ ಏರಿಸಬೇಕು" ಅಂದ.

ಆಡಿನ ಓದು

ಆಡಿನ ಕಾಟಕ್ಕ ಗಿಡದ ಸುತ್ತ ಕಬ್ಬಿಣದ ಜಾಳಿಗಿ ಬೇಕಾಗಿತ್ತು. ಸ್ಟೇಶನ್ ಬಜಾರದ ಸೇಠ ಒಬ್ಬರು ಕೊಟ್ರು. ಜಾಳಿಗಿಕಿಂತಾ ಅದರ ಮ್ಯಾಲಿನ ಅವರ ಹೆಸರಿನ ಬೋರ್ಡೇ ದೊಡ್ಡದು! ಗಿಡಕ್ಕ ಬೆಳಕು ಎಲ್ಲಿಂದ ಬರಬೇಕು? ಅವರ ಅಂಗಡಿಗೇ ಹೋಗಿ, "ಬೋರ್ಡ್ ಸಣ್ಣದು ಮಾಡಸ್ರಿ, ಗಿಡ ಸಾಯ್ತಾವ" ಅಂದೆ.

"ಗಿಡ ಸತ್ರ ಇನ್ನೊಂದು ಹಚ್ಚಬಹುದು ಅಕ್ಕಾರ" ಅಂದ್ರು ಅವರು ಸಮಾಧಾನದಿಂದ. "ಬೋರ್ಡಿಗಿ ಪೇಂಟ್ ಮತ್ತ ಮತ್ತ ಹೊಡಸಲಿಕ್ಕ ಆಗ್ತದೇನು?"

ಹುಡುಗರು ಬೋರ್ಡೆಲ್ಲಾ ಬಿಚ್ಚಿ ಬಯಲಿನ ಹಿಂದಿನ ಬೇಲಿಗಿ ಕಟ್ಟಿದ್ರು, ಅಲ್ಲಿಂದೇ ಆಡು ನುಗ್ತಿದ್ವು. ಸೇಠ ನೋಡಲಿಕ್ಕ ಬಂದು ಒದರಾಡಿದ್ರು: "ನನ್ನ ಹೆಸರು ರಸ್ತಾಕ್ಕ ಕಾಣವಲ್ದು! ಅಲ್ಲಿ ಯಾರು ಓದಬೇಕದನ್ನ?"

"ಆಡು ಓದ್ತಾವ್ರೀ ಸೇಠ" ಅಂದ ಒಬ್ಬ ಹುಡುಗ. "ಓದಿ ತಮ್ಮಷ್ಟಕ್ಕ ತಾವು ವಾಪಸ್ ಹೋಗ್ತಾವ."

ನನ್ನ ಗಿಡ

ಬ್ಯಾಸಗ್ಯಾಗ ಐತವಾರಕ್ಕೊಮ್ಮೆ ಹುಡುಗರು ಕಲಬುರಗಿಲಿಂದ ಬಸ್ ಹತ್ತಿ ಹೋಗಿ ಕೊಡಪಾನದಾಗ ನೀರು ಹೊತ್ತು ಹಾಕ್ತಿದ್ರು. ಖರೇ ಹೇಳ್ತೀನಿ, ಅದನ್ನ ನೋಡಿದ್ರ ನನ್ನ ಹೊಟ್ಟಿ ತುಂಬತಿತ್ತು. ಒಂದಿನ ನೋಡಿದ್ರ ಎಲ್ಲಾ ಗಿಡ ಹಸರಾಗ್ಯಾವ, ಒಂದು ಮಾತ್ರ ಸೊರಗಿ ನಿಂತದ. ವಿಚಾರಿಸಿದ್ರ, ಹುಡುಗರು ಒಂದೊಂದು ಗಿಡಕ್ಕ ಒಬ್ಬೊಬ್ಬ ಲೆಕ್ಚರರ್ ಹೆಸರಿಟ್ಟಾರ! ಸೊರಗಿದ್ದು ನಾನು.

"ಯಾಕ್ರೋ, ನಾ ಏನು ಪಾಪ ಮಾಡೀನಿ?" ಅಂತ ಗದರಿಸಿದೆ.

"ನೀವು ಪ್ರ್ಯಾಕ್ಟಿಕಲ್ ಮಾರ್ಕ್ಸ್ ಹಾಕೋದು ಕಾಯಾಕತ್ತೀವ್ರೀ ಮೇಡಂ, ಆಮ್ಯಾಲೇ ನೀರು" ಅಂದ್ರು.

ತಾಯಿ

ಇದೆಲ್ಲಾ ದಾಟಿ ಗಿಡ ಬದುಕಿದ್ವು. ಪಿಯುಸಿಯಾಗ ಇದ್ದಾಗ ಗಿಡ ಹಚ್ಚಿದ ಕಮಲಾಪುರದ ಹುಡುಗಿಯೊಬ್ಬಾಕಿ ಡಿಗ್ರಿ ಕಡೀ ವರ್ಷಕ್ಕ ಬರೋದ್ರಾಗ, ಮಂದಿ ಆ ನೆರಳಿಗಿ ಬುತ್ತಿ ಬಿಚ್ಚಿ ಉಣ್ಣಲಿಕ್ಕತ್ತಿದ್ರು. ಒಂದಿನ ಆಕಿ ಕಾಲೇಜಿಗಿ ಓಡಿ ಬಂದು, "ಮೇಡಂ, ನಾಳೆ ನಮ್ಮ ಗಿಡ ಕಡೀತಾರಂತ್ರೀ" ಅಂತ ಅತ್ತಳು.

ಆಕೀನ್ನ ಕರಕೊಂಡು ಸೀದಾ ಕಲಬುರಗಿಯ ಅರಣ್ಯ ಇಲಾಖೆ ಆಫೀಸಿಗಿ ಹೋದೆ. ಕಡೀಲಿಕ್ಕ ಹುಕುಂ ಕೊಟ್ಟ ಸಾಹೇಬ್ರು ಚಹಾ ಕುಡಿಯಾಕತ್ತಿದ್ರು.

"ಪೆಂಡಾಲಿಗಿ ಜಾಗಾ ಬೇಕು ಮೇಡಂ. ದೊಡ್ಡ ಕಾರ್ಯಕ್ರಮ ಅದ."

"ಯಾತರ ಕಾರ್ಯಕ್ರಮ?"

"ವನಮಹೋತ್ಸವ."

ಬೇರು, ಅಂತರ್ಜಲ, ಆಮ್ಲಜನಕ, ನೆರಳು ಅಂತ ಕಲಿತದ್ದೆಲ್ಲಾ ಅವರ ಮುಂದ ಸುರವಿದೆ. ಅವರು ಕಪ್ಪು ಕೆಳಗಿಟ್ಟು, "ಚಿಂತಿ ಮಾಡಬ್ಯಾಡ್ರಿ. ಕಡದಿದ್ದಕ್ಕಿಂತಾ ಹೆಚ್ಚಿಗಿ ಹಚ್ತೀವಿ" ಅಂದ್ರು.

"ಎಲ್ಲಿ ಹಚ್ತೀರಿ?"

"ಅಲ್ಲೇ. ಈಗ ಜಾಗಾ ಖಾಲಿ ಆಗ್ತದಲ್ರೀ!"

ಸಿಟ್ಟಿಲೆ ನನಗ ರಾತ್ರಿ ನಿದ್ದಿ ಬರಲಿಲ್ಲ. ಮರುದಿನ ಮೊದಲನೇ ಬಸ್ಸಿಗಿ ಕಮಲಾಪುರಕ್ಕ ಹೋಗಿ ಇಳದ್ರ, ಗುರುತೇ ಸಿಗವಲ್ದು! ಒಂದೊಂದು ಗಿಡಕ್ಕೂ ಅರಿಷಿಣ-ಕುಂಕುಮ, ಹಸರು ಬಳಿ, ಬುಡಕ್ಕೊಂದು ಕಲ್ಲು, ಉದಿನಕಡ್ಡಿ. ನಡುವಿನ ಗಿಡಕ್ಕಂತೂ ಸೀರಿ ಉಡಿಸ್ಯಾರ. ಕಡೀಲಿಕ್ಕ ಬಂದ ಆಳುಗಳು ಕೊಡಲಿ ದೂರ ಇಟ್ಟು ಕೈಮುಗದು ಕುಂತಾರ. ನಮ್ಮ ಹುಡುಗಿ ಕುಂಕುಮದ ಬಟ್ಟಲ ಹಿಡಕೊಂಡು ನಿಂತಾಳ.

"ಏನವ್ವಾ ಇದು? ಸೈನ್ಸ್ ಓದೋ ಹುಡುಗಿ ನೀನು! ನಾಚಿಕಿ ಬರಂಗಿಲ್ಲೇನು?" ಅಂತ ಹರಿಹಾಯ್ದೆ.

"ನಿನ್ನೆ ನೀವು ಅಷ್ಟೊತ್ತು ಸೈನ್ಸೇ ಹೇಳಿದ್ರಲ್ರೀ ಮೇಡಂ" ಅಂದಳಾಕಿ ಸಣ್ಣ ದನ್ಯಾಗ. "ಸಾಹೇಬ್ರು ಕೇಳಿದ್ರೇನ್ರೀ?"

ಅಷ್ಟರಾಗ ಸಾಹೇಬ್ರ ಜೀಪು ಬಂತು. "ಇನ್ನಾ ಯಾಕ ಕಡದಿಲ್ಲ?" ಅಂತ ಒದರಕೋತ ಇಳದವರು, ಸೀರಿ ಉಟ್ಟ ಗಿಡ ಕಂಡಿದ್ದೇ ತಡ, ಬೂಟು ಬಿಚ್ಚಿದ್ರು. "ತಾಯಿ ಯಾವ ಕಾಲದಾಕಿ?" ಅಂತ ಮೆಲ್ಲಕ ಕೇಳಿದ್ರು.

"ಭಾಳ ಹಳೇಕಿ ಅದಾಳ್ರೀ" ಅಂದಳು ನಮ್ಮ ಹುಡುಗಿ, ತಾನೇ ಹಚ್ಚಿದ ಗಿಡದ ಮುಂದ ನಿಂತು.

ಸಾಹೇಬ್ರು ಗಲ್ಲ ಗಲ್ಲ ಬಡಕೊಂಡ್ರು. ಪೆಂಡಾಲ ಆ ಕಡೀ ಹಾಕಲಿಕ್ಕ ಹೇಳಿದ್ರು. ಗಿಡ ಉಳದ್ವು! ನಾನು ಉಸರು ಬಿಡಬೇಕು, ಅಷ್ಟರಾಗ ಅವರು ನನ್ನ ಕಡೆ ತಿರುಗಿದ್ರು.

"ಏನ್ ಮೇಡಂ ನೀವು! ನಿನ್ನೆ ಏನೇನೋ ಫಾಲ್ತು ಮಾತಾಡಿದ್ರಿ, ಇದೊಂದು ಹೇಳಲಿಲ್ಲ. ಇಷ್ಟು ಓದೀರಿ, ಅಷ್ಟೂ ತಿಳಿಯಂಗಿಲ್ಲೇನ್ರೀ? ಮೊದಲ ಆ ಚಪ್ಪಲಿ ಬಿಡ್ರಿ!"

ಬಿಟ್ಟೆ. ಕಲ್ಲು-ಮುಳ್ಳಿನ ನೆಲದ ಮ್ಯಾಲ ಬರಿಗಾಲಿಲೆ ನಿಂತು ಹಲ್ಲು ಕಡೀಲಿಕ್ಕತ್ತಿದ್ದೆ. ಹುಡುಗಿ ಬಟ್ಟಲ ಮುಂದ ಹಿಡದು ಕಿವಿಯಾಗ ಅಂದಳು:

"ಹಚ್ಕೋರಿ ಮೇಡಂ, ಕೈನೂ ಮುಗೀರಿ. ಇಲ್ಲಾಂದ್ರ ಸಾಹೇಬ್ರಿಗಿ ಡೌಟ್ ಬರ್ತದ."