ಉಜ್ಜಿನಪ್ಪನ ಉಪಚಾರ ಯಂತ್ರ

“ಮೇಷ್ಟ್ರೇ, ಇನ್ಮೇಲೆ ಮನಸ್ಸಿನ ಡಾಕ್ಟರನ್ನ ನೀವು ಹುಡುಕೋದಲ್ಲ, ಇದು ಹುಡುಕುತ್ತೆ!” ಎಂದು ಉಜ್ಜಿನಪ್ಪ ಹೊದಿಸಿದ್ದ ಹಳೇ ಬೆಡ್‌ಶೀಟನ್ನು ಸರ್ರನೆ ಎಳೆದ.

ಒಳಗಿದ್ದದ್ದನ್ನು ಏನೆಂದು ಕರೆಯಲಿ! ಕೆಳಗೆ ಮಕ್ಕಳ ಮೂರು ಗಾಲಿಯ ಸೈಕಲ್ಲು. ಅದರ ಮೇಲೆ ಕರೆಂಟಿನ ಮೀಟರ್ ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿಯಲ್ಲಿ ಕುಕ್ಕರಿನ ಸೀಟಿ, ಹೊಟ್ಟೆಯಲ್ಲಿ ಗಡಿಯಾರದ ಮುಳ್ಳು. ಹಿಂದುಗಡೆ ಬಾಲದಂತೆ ಒಂದು ಉದ್ದನೆಯ ಬೆಲ್ಟು. ಅದನ್ನು ನೋಡಿದ ಕೂಡಲೇ ನನ್ನ ಸೊಂಟ ತಾನಾಗಿಯೇ ಹಿಂದೆ ಸರಿಯಿತು.

ಉಜ್ಜಿನಪ್ಪ ನಮ್ಮ ಪಕ್ಕದ ಮನೆಯವನು. ಕರೆಂಟ್ ಆಫೀಸಿನಲ್ಲಿದ್ದಾಗ ದಾವಣಗೆರೆಯ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದ. ರಿಟೈರ್ ಆದ ಮೇಲೆ ದಾವಣಗೆರೆಯ ಜನರನ್ನು ರಿಪೇರಿ ಮಾಡಲು ಹೊರಟಿದ್ದಾನೆ. ಅವನ ಹಿಂದಿನ ಆವಿಷ್ಕಾರ, ತಾನಾಗಿ ರೊಟ್ಟಿ ತಟ್ಟುವ ಯಂತ್ರ, ಈಗಲೂ ನಮ್ಮ ತೆಂಗಿನ ಮರದ ತುದಿಯಲ್ಲಿ ಸಿಕ್ಕಿಕೊಂಡಿದೆ. ಗಾಳಿ ಬಂದಾಗ ತಟ್ಟುತ್ತದೆ.

“ಬೆಲ್ಟ್ ಕಟ್ಕೊಳ್ರಿ” ಎಂದ.

ನನಗೆ ಬೇಡವಾಗಿತ್ತು. ಅಡಿಯಿಂದ ಮುಡಿಯವರೆಗೆ ಬೇಡವಾಗಿತ್ತು! ಆದರೆ ಬಾಯಿಂದ ಬಂದದ್ದು, “ಆಗ್ಲಿ ಬಿಡ್ರಿ, ಅದಕ್ಕೇನಂತೆ.”

ಇದೇ ನನ್ನ ಕಾಯಿಲೆ. ಯಾರು ಏನು ಕೇಳಿದರೂ ಹೊಟ್ಟೆಯೊಳಗೆ ಉರಿದುಕೊಂಡು ಹೊರಗೆ ಹಲ್ಲು ಕಿರಿಯುತ್ತೇನೆ. ಬೀದಿಗೆ ತೆರೆದುಕೊಳ್ಳುವ ನಮ್ಮ ಮುಂದಿನ ರೂಮು ನನ್ನ ಹೆಂಡತಿ ಸರ್ವಮಂಗಳೆಯ ಹೊಲಿಗೆ ಕ್ಲಾಸಿಗೆಂದೇ ಕಟ್ಟಿಸಿದ್ದು. ಅಲ್ಲಿ ಒಮ್ಮೆ ಯಾರದೋ ಈರುಳ್ಳಿ ಮೂಟೆಗಳು ಮೊಳಕೆ ಬಿಟ್ಟವು. ಇನ್ನೊಮ್ಮೆ ಯುವಕ ಸಂಘದವರ ಗಣಪತಿ ಮಂಟಪ, ಥರ್ಮಾಕೋಲಿನ ಎರಡು ಆನೆ ಸಮೇತ, ಮುಂದಿನ ಗಣಪತಿ ಹಬ್ಬದವರೆಗೆ ವಾಸವಾಗಿತ್ತು. ಸರ್ವಮಂಗಳೆ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಮಿಷನ್ ತುಳಿಯುತ್ತಾಳೆ. ಅವಳು ಹೊಲಿದ ರವಿಕೆಗಳಲ್ಲಿ ಒಗ್ಗರಣೆ ವಾಸನೆ ಬರುತ್ತದೆ ಎಂದು ಗಿರಾಕಿಗಳು ದೂರುತ್ತಾರೆ.

ಈಗ ನಮ್ಮ ದೊಡ್ಡಪ್ಪನ ಮಗ ಕೊಟ್ರೇಶಣ್ಣ ತನ್ನ ಶಾಮಿಯಾನದ ಸಾಮಾನುಗಳನ್ನೆಲ್ಲ ಆ ರೂಮಿನಲ್ಲಿಡಲು ಭಾನುವಾರ ಮಧ್ಯಾಹ್ನ ಬರುತ್ತೇನೆಂದು ಫೋನು ಮಾಡಿದ್ದ, ನಾನು ಆಗ್ಲಿ ಅಂದಿದ್ದೆ. ಅಂದು ಸರ್ವಮಂಗಳೆ ಬೈಯಲಿಲ್ಲ, ಅಳಲಿಲ್ಲ. “ರೀ, ಊರಿಗೆಲ್ಲ ನೀವು ಹೂಂ ಅಂದಾಗ್ಲೆಲ್ಲ ನನಗೆ ಊಹೂಂ ಅಂದಂಗಾಗುತ್ತೆ, ಗೊತ್ತಾಗುತ್ತೇನ್ರೀ?” ಎಂದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಊಟ ಸೇರಲಿಲ್ಲ.

ಮನಸ್ಸಿನ ಡಾಕ್ಟರ್ ಮಂದಾಕಿನಿಯವರ ಹತ್ತಿರ ಹೋದೆ. ಸ್ವಲ್ಪ ಹೊತ್ತು ಮಾತಾಡಿ ಅವರೇ ಕೈ ಚೆಲ್ಲಿದರು. “ನಿಮಗೆ ಮಾತಿನ ಚಿಕಿತ್ಸೆ ನಾಟಲ್ಲ ಮೇಷ್ಟ್ರೇ. ನಾನು ಏನಂದ್ರೂ ಹೂಂ ಅಂತೀರಿ! ನಿಮಗೆ ಬೇಕಾಗಿರೋದು ಅನುಭವ ಚಿಕಿತ್ಸೆ. ಕೂತು ಮಾತಾಡೋದಲ್ಲ, ಎದ್ದು ಮಾಡಿ ನೋಡೋದು. ಕೇಳೋರನ್ನ ಎದುರಿಗೆ ನಿಲ್ಲಿಸಿ, ಬೇಡ ಅಂತ ನಿಮ್ಮ ಬಾಯಿಂದಲೇ ಅನ್ನಿಸ್ತಾರೆ. ಅಂಥವರು ಯಾರಾದ್ರೂ ಸಿಗ್ತಾರಾ ಹುಡುಕಿ.”

ಹುಡುಕಿದೆ. ಒಬ್ಬರು ಕುದುರೆಗಳ ಜೊತೆ ಚಿಕಿತ್ಸೆ ಕೊಡುತ್ತಾರಂತೆ. ಕುದುರೆ ಬಂದು ನನ್ನ ರೂಮು ಕೇಳಿದರೆ ತಾನೇ ನಾನು ಬೇಡ ಅನ್ನುವುದು! ಇನ್ನೊಬ್ಬರು ಚಿತ್ರ ಬರೆಸುತ್ತಾರಂತೆ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೇನೆ. ಚಿತ್ರದಿಂದ ವಾಸಿಯಾಗುವುದಿದ್ದರೆ ಯಾವತ್ತೋ ಆಗಬೇಕಿತ್ತು. ಈ ಗೋಳನ್ನು ಕಾಂಪೌಂಡಿನ ಮೇಲಿಂದ ಉಜ್ಜಿನಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಅವನು ಷೆಡ್ಡಿನ ಬಾಗಿಲು ಹಾಕಿಕೊಂಡ, ಭಾನುವಾರ ಬೆಳಿಗ್ಗೆ ತೆಗೆದ.

“ನಿಮ್ಮ ಅಂಜಿಕೆ ಯಾವ ಥರದ್ದು ಅಂತ ಬೆಲ್ಟು ನಾಡಿ ನೋಡುತ್ತೆ” ಎಂದು ನನ್ನ ಸೊಂಟಕ್ಕೆ ಬೆಲ್ಟು ಬಿಗಿಯುತ್ತಾ ವಿವರಿಸಿದ. “ಆ ಅಂಜಿಕೆಗೆ ಸರಿಯಾದ ಅನುಭವ ಕೊಡೋ ಚಿಕಿತ್ಸಕರು ಎಲ್ಲಿದ್ದಾರೋ ಮುಳ್ಳು ತೋರಿಸುತ್ತೆ. ಗಾಡಿ ಸೀದಾ ಕರ್ಕೊಂಡು ಹೋಗುತ್ತೆ!”

“ನಿಲ್ಲಿಸೋದು ಹೆಂಗೆ?”

“ಇಲ್ಲಿ ಕೆಂಪು ಗುಂಡಿ.”

ತಡಮಾಡದೆ ಒತ್ತಿದೆ. ಪೆಟ್ಟಿಗೆಯೊಳಗಿಂದ ಒಬ್ಬ ಮುದುಕಿಯ ಗಟ್ಟಿ ದನಿ ಬಂತು: “ಸಂಕೋಚ ಮಾಡ್ಕೋಬೇಡ ಕಂದಾ, ಇನ್ನೊಂಚೂರು!” ಗಾಡಿ ನಿಲ್ಲುವುದಿರಲಿ, ನನ್ನನ್ನು ಎಳೆದುಕೊಂಡು ಹೊರಟೇಬಿಟ್ಟಿತು!

“ನಮ್ಮ ಹರಿಹರದ ಸೋದರತ್ತೆ ದನಿ ರೀ!” ಉಜ್ಜಿನಪ್ಪ ಹೆಮ್ಮೆಯಿಂದ ಪಕ್ಕದಲ್ಲಿ ಓಡುತ್ತಾ ಬಂದ. “ಅವರ ಮನೇಲಿ ಉಂಡೋರು ತಾವಾಗಿ ಎದ್ದಿದ್ದೇ ಇಲ್ಲ, ಇಬ್ಬರು ಹಿಡಿದು ಎಬ್ಬಿಸಬೇಕು!”

“ಅಲ್ರೀ, ಗುಂಡಿ ಒತ್ತಿದ್ರೆ ನಿಲ್ಲಬೇಕಲ್ರೀ!”

“ಒಂದು ಸಲ ಬೇಡ ಅಂದ ಕೂಡ್ಲೇ ಬಿಟ್ಟುಬಿಡೋದು ಯಾವ ಸೀಮೆ ಮರ್ಯಾದೆ ರೀ? ಎಲೆ ಮೇಲೆ ಕೈ ಅಡ್ಡ ಹಿಡಿದೋರಿಗೆ ಇನ್ನೊಂದು ಹೋಳಿಗೆ ಹಾಕೋ ಜನ ನಾವು! ನನ್ನ ಯಂತ್ರಕ್ಕೆ ಅಷ್ಟೂ ಸಂಸ್ಕಾರ ಬೇಡ್ವಾ? ಮನಸ್ಸಿನಿಂದ ಬೇಡ ಅಂದ್ರೆ ಮಾತ್ರ ಬೆಲ್ಟು ಬಿಚ್ಚುತ್ತೆ.”

ಅಲ್ಲಿಗೆ ನನ್ನ ಕತೆ ಮುಗಿದಂತಾಯಿತು. ಮನಸ್ಸಿನಿಂದ ಬೇಡ ಅನ್ನಲು ಬರುವವನು ಈ ಬೆಲ್ಟನ್ನು ಕಟ್ಟಿಕೊಳ್ಳುತ್ತಲೇ ಇರಲಿಲ್ಲ!

ಗಾಡಿ ಮೊದಲು ನಿಂತದ್ದು ಮೂಲೆಯ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಮುಂದೆ. ಸೀಟಿ ಕೂಗಿತು. “ಚಿಕಿತ್ಸಕರು ಸಿಕ್ಕರು!” ಎಂದು ಸೋದರತ್ತೆ ಸಾರಿದಳು.

“ಬರ್ರಿ ಮೇಷ್ಟ್ರೇ, ಬಿಸಿ ಬಿಸಿ ಐತೆ” ಎಂದು ಅಂಗಡಿಯಾಕೆ ಬಾಣಲೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ ಇಟ್ಟಳು. ತಿಂದೆ. ಇನ್ನೊಂದು ಇಟ್ಟಳು. “ಸಾಕಮ್ಮಾ” ಎಂದು ನಕ್ಕೆ. ಬೆಲ್ಟು ನನ್ನ ನಗುವನ್ನು ಹಿಡಿದುಬಿಟ್ಟಿತು. “ಸಂಕೋಚ ಮಾಡ್ಕೋಬೇಡ ಕಂದಾ!” ಸೊಂಟ ಬಿಗಿಯಿತು, ಬಾಯಿ ತೆರೆಯಿತು, ಮೆಣಸಿನಕಾಯಿ ಒಳಗೆ ಹೋಯಿತು. ಬಾಣಲೆ ಖಾಲಿಯಾಗುವವರೆಗೂ ಚಿಕಿತ್ಸೆ ನಡೆಯಿತು. ಕಣ್ಣಲ್ಲಿ ನೀರು, ಕಿವಿಯಲ್ಲಿ ಹೊಗೆ!

“ನೋಡಿದ್ರಾ, ಅಳು ಬಂತು! ಮನಸ್ಸು ಹಗುರಾಗ್ತಾ ಐತೆ” ಎಂದು ಉಜ್ಜಿನಪ್ಪ ಚಪ್ಪಾಳೆ ತಟ್ಟಿದ.

“ಅದು ಮನಸ್ಸಲ್ರೀ, ಮೆಣಸಿನಕಾಯಿ!” ಎಂದು ನಾನು ಕಿರುಚುವಷ್ಟರಲ್ಲಿ ಗಾಡಿ ಮತ್ತೆ ಹೊರಟಿತ್ತು.

ಮುಂದೆ ಸಿಕ್ಕಿದ್ದು ಕಲ್ಯಾಣ ಮಂಟಪ. ಬಾಗಿಲಲ್ಲಿ ನಿಂತಿದ್ದ ಹೆಣ್ಣಿನ ತಂದೆಯನ್ನು ಕಂಡು ಸೀಟಿ ಎಡೆಬಿಡದೆ ಕೂಗಿತು. ಒಳಗಿದ್ದವರೆಲ್ಲ ಚಿಕಿತ್ಸಕರೇ ಎಂದು ಅದಕ್ಕೆ ಗೊತ್ತಾಗಿರಬೇಕು. ನಾನು ಯಾರು, ನನ್ನ ಸೊಂಟದ ಗಾಡಿ ಏನು ಎಂದು ಆ ಪುಣ್ಯಾತ್ಮ ಕೇಳಲೇ ಇಲ್ಲ. “ತಡ ಮಾಡಿದ್ರಲ್ಲ, ಮೊದ್ಲು ಊಟ!” ಎಂದು ರಟ್ಟೆ ಹಿಡಿದು ಪಂಕ್ತಿಯಲ್ಲಿ ಕೂರಿಸಿದ.

ಹೋಳಿಗೆ ಬಂತು. ಕೈ ಅಡ್ಡ ಹಿಡಿದೆ. ಕೈಯ ಮೇಲೆ ಹಾಕಿದರು. ಎರಡೂ ಕೈ ಅಡ್ಡ ಹಿಡಿದೆ; ಎರಡರ ಮೇಲೂ ಹಾಕಿ ತುಪ್ಪ ಸುರಿದರು! ಬಡಿಸುವವರು ಸುಸ್ತಾಗಿ ನಿಂತಾಗ ಸೋದರತ್ತೆ, “ಇನ್ನೊಂಚೂರು!” ಎಂದು ಅವರಿಗೆ ಹುರುಪು ತುಂಬಿದಳು. ಪಕ್ಕದ ಎಲೆಯಲ್ಲಿ ಉಜ್ಜಿನಪ್ಪ, ಪ್ರಯೋಗದ ಭಾಗವೆಂದು ಹೇಳಿಕೊಂಡು, ಯಾರೂ ಒತ್ತಾಯ ಮಾಡದಿದ್ದರೂ ಉಣ್ಣುತ್ತಿದ್ದ.

ಎದ್ದ ಮೇಲಾದರೂ ಬಿಟ್ಟರೇ? ಯಾರೋ ಅಳುವ ಕೂಸನ್ನು ಕೈಗಿಟ್ಟರು, ಆಗಲಿ ಎಂದೆ. ಹೆಣ್ಣಿನ ಸೋದರಮಾವ ಇನ್ನೂ ಬಂದಿಲ್ಲ, ಅವನ ಜಾಗದಲ್ಲಿ ಸ್ವಲ್ಪ ನಿಂತ್ಕೊಳ್ರಿ ಎಂದು ತಲೆಗೆ ಪೇಟ ಸುತ್ತಿದರು, ಅದಕ್ಕೂ ಆಗಲಿ ಎಂದೆ. ಯಾರ ಮದುವೆಯೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ಅವರ ಆಲ್ಬಮ್ಮಿನಲ್ಲಿ, ಪೇಟ ಸುತ್ತಿಕೊಂಡು, ಕಂಕುಳಲ್ಲಿ ಕೂಸು, ಸೊಂಟಕ್ಕೆ ಕಟ್ಟಿದ ಗಾಡಿ ಸಮೇತ ಸೋದರಮಾವ ನಾನೇ.

ಕೂಸನ್ನು ಅದರ ತಾಯಿಗೆ ಒಪ್ಪಿಸುವಷ್ಟರಲ್ಲಿ ಮುಳ್ಳು ಗಿರ್ರನೆ ತಿರುಗಿ ನಮ್ಮ ಬೀದಿಯ ಕಡೆ ನಿಂತಿತು. “ದೊಡ್ಡ ಚಿಕಿತ್ಸಕರು ಸಿಕ್ಕರು!”

ಗಾಡಿ ನನ್ನನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ ಟೆಂಪೋ ಬಂದಾಗಿತ್ತು. ಕೊಟ್ರೇಶಣ್ಣ ಹಗ್ಗ ಬಿಚ್ಚುತ್ತಿದ್ದ. ಟೆಂಪೋದಲ್ಲಿ ಕುರ್ಚಿಗಳು, ಕಂಬಗಳು, ಕೊಪ್ಪರಿಗೆಗಳು, ಮದುಮಕ್ಕಳು ಕೂರುವ ಕೆಂಪು ಸಿಂಹಾಸನ. ಮುಂದಿನ ರೂಮಿನ ಬಾಗಿಲಲ್ಲಿ ಸರ್ವಮಂಗಳೆ ನಿಂತಿದ್ದಳು. ಅವಳ ಹಿಂದೆ, ಗುಡಿಸಿ ಸಾರಿಸಿದ ನೆಲದ ಮೇಲೆ, ಅವಳ ಹೊಲಿಗೆ ಮಿಷನ್ನು. ಅಡುಗೆಮನೆಯಿಂದ ಒಬ್ಬಳೇ ಎಳೆದು ತಂದಿಟ್ಟಿದ್ದಳು. ನನ್ನ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ ಉಳಿದಿತ್ತೆಂದು ಕಂಡು ನನಗೆ ನಾಚಿಕೆಯಾಯಿತು.

“ಬಾ ತಮ್ಮಾ, ಸಿಂಹಾಸನಕ್ಕೆ ಒಂದು ಕೈ ಹಚ್ಚು” ಎಂದ ಕೊಟ್ರೇಶಣ್ಣ.

ನನ್ನ ಬಾಯಿ ಆಗಲೇ “ಆಗ್ಲಿ” ಎನ್ನಲು ತೆರೆಯುತ್ತಿತ್ತು. “ಸಂಕೋಚ ಮಾಡ್ಕೋಬೇಡ ಕಂದಾ!” ಎಂದು ಬೆಲ್ಟು ನನ್ನನ್ನು ಟೆಂಪೋದತ್ತ ನೂಕಿತು. ಹೊಟ್ಟೆಯೊಳಗೆ ಮೆಣಸಿನಕಾಯಿ, ಅದರ ಮೇಲೆ ಹೋಳಿಗೆ, ಅದರ ಮೇಲೆ ಇಷ್ಟು ವರ್ಷದ ಸಿಟ್ಟು. ಎಲ್ಲವೂ ಒಟ್ಟಿಗೆ ಎದ್ದು ಬಂದವು.

“ಬೇಡ!” ಎಂದು ಯಂತ್ರಕ್ಕೆ ಕಿರುಚಿದೆ. “ಬೇಡ ಅಂದ್ರೆ ಬೇಡ! ಹೊಟ್ಟೆ ನಂದು, ಸೊಂಟ ನಂದು! ಬಿಡೇ ನನ್ನ!”

ಸೋದರತ್ತೆ ಬಾಯಿ ತೆರೆದವಳು ಮುಚ್ಚಿದಳು. ಮುಳ್ಳು ನಡುಗಿ ನಿಂತಿತು. ಟಕ್ ಎಂದು ಬೆಲ್ಟು ಬಿಚ್ಚಿ ಕೆಳಗೆ ಬಿತ್ತು.

“ಯಾಕೋ, ಯಾರಿಗೋ ಅದು?” ಎಂದ ಕೊಟ್ರೇಶಣ್ಣ ಗಾಬರಿಯಿಂದ.

“ಅದು ಯಂತ್ರಕ್ಕಣ್ಣಾ.” ಸರ್ವಮಂಗಳೆಯ ಕಡೆ ನೋಡಿದೆ. “ಈಗ ನಿನಗೂ ಹೇಳ್ತೀನಿ. ರೂಮು ಕೊಡಕ್ಕಾಗಲ್ಲ. ಅಲ್ಲಿ ಇವಳು ಹೊಲಿಗೆ ಕ್ಲಾಸು ನಡೆಸ್ತಾಳೆ.”

ಆಕಾಶ ಕಳಚಿ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ.

“ಅಷ್ಟೇನಾ? ಫೋನಲ್ಲೇ ಹೇಳಬಾರದೇನೋ ಮಾರಾಯ? ಹಳೇ ರೈಸ್ ಮಿಲ್ಲಲ್ಲಿ ಜಾಗ ಐತೆ, ಅಲ್ಲಿ ಇಡ್ತೀನಿ ಬಿಡು” ಎನ್ನುತ್ತಾ ಕೊಟ್ರೇಶಣ್ಣ ಮತ್ತೆ ಹಗ್ಗ ಕಟ್ಟಿದ. ಸರ್ವಮಂಗಳೆ ಕೊಟ್ಟ ಕಾಫಿ ಕುಡಿದು, ನಗುತ್ತಲೇ ಹೋದ.

ಅಷ್ಟೆ! ಇಷ್ಟಕ್ಕೇ ನಾನು ಇಷ್ಟು ವರ್ಷ ಥರ್ಮಾಕೋಲಿನ ಆನೆ ಸಾಕಿದ್ದೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸರ್ವಮಂಗಳೆ ನನ್ನ ತಲೆಯಿಂದ ಮದುವೆಯ ಪೇಟ ತೆಗೆದು, ಬಟ್ಟೆ ಚೆನ್ನಾಗಿದೆಯೆಂದು ಒಳಗಿಟ್ಟುಕೊಂಡಳು. ಆ ರೂಮಿನಲ್ಲಿ ಅವಳು ಮೊದಲು ಹೊಲಿದದ್ದು ಅದನ್ನೇ. ಅದೀಗ ಮಿಷನ್ನಿಗೆ ಮುಸುಕು.

“ಗೆದ್ದೆ! ನನ್ನ ಯಂತ್ರ ಗೆದ್ದಿತು!” ಎಂದು ಗಾಡಿಯ ಹಿಂದೆಯೇ ಓಡಿ ಬಂದಿದ್ದ ಉಜ್ಜಿನಪ್ಪ ಕುಣಿಯುತ್ತಾ ಯಂತ್ರವನ್ನು ಎತ್ತಿಕೊಳ್ಳಲು ಬಗ್ಗಿದ. ಬೆಲ್ಟು ಅವನ ಸೊಂಟಕ್ಕೆ ಗಬಕ್ಕನೆ ಸುತ್ತಿಕೊಂಡಿತು! ಮುಳ್ಳು ಗಿರಗಿರನೆ ತಿರುಗಿ ನನ್ನ ಮೂಗಿನ ನೇರಕ್ಕೆ ನಿಂತಿತು. “ಚಿಕಿತ್ಸಕರು ಸಿಕ್ಕರು!”

ಅವನ ಕಾಯಿಲೆ ಏನೆಂದು ಯಂತ್ರ ಸರಿಯಾಗಿಯೇ ಹಿಡಿದಿತ್ತು. ಬೇಡ ಎಂದರೆ ಅವನ ಕಿವಿಗೆ ಬೀಳುವುದಿಲ್ಲ. ಮನಸ್ಸಿನಿಂದ ಬೇಡ ಅಂದರೆ ಬೆಲ್ಟೇನೋ ಬಿಡುತ್ತದೆ. ಆದರೆ ತಾನೇ ಮಾಡಿದ ಯಂತ್ರವನ್ನು ಮನಸ್ಸಿನಿಂದ ಬೇಡ ಅನ್ನುವ ಸಂಶೋಧಕ ಎಲ್ಲಿದ್ದಾನೆ?

ಈಗ ದಿನಾ ಬೆಳಿಗ್ಗೆ ಮೂರು ಗಾಲಿಯ ಸೈಕಲ್ಲು ಉಜ್ಜಿನಪ್ಪನನ್ನು ಎಳೆದುಕೊಂಡು ನಮ್ಮ ಗೇಟಿಗೆ ಬರುತ್ತದೆ. ನಮ್ಮ ಮಿಕ್ಸಿಗೆ ರೆಕ್ಕೆ ಕೂರಿಸಲೇ ಎಂದು ಅವನು ಕೇಳುತ್ತಾನೆ. ಬೇಡ ಎನ್ನುತ್ತೇನೆ. ನನ್ನ ಸ್ಕೂಟರನ್ನು ಬಾವಿಯ ಪಂಪಿಗೆ ಜೋಡಿಸಲೇ ಎನ್ನುತ್ತಾನೆ. ಬೇಡ ಎನ್ನುತ್ತೇನೆ. ಯಂತ್ರ ತೃಪ್ತಿಯಿಂದ ಸೀಟಿ ಹೊಡೆದು ಅವನನ್ನು ಮನೆಗೆ ಕರೆದೊಯ್ಯುತ್ತದೆ.

ಹೋಗುವ ಮುಂಚೆ ಚಿಕಿತ್ಸೆಯ ಫೀಸೆಂದು ಮೂಲೆ ಅಂಗಡಿಯ ಬಿಸಿ ಮೆಣಸಿನಕಾಯಿಯ ಪೊಟ್ಟಣ ಚಾಚುತ್ತಾನೆ. ಅದಕ್ಕೆ ಬೇಡ ಅನ್ನುವುದು ಮಾತ್ರ ನನಗಿನ್ನೂ ಅಭ್ಯಾಸವಾಗಿಲ್ಲ.