ಕ್ರಿಸ್‌ಮಸ್ ಮರಕ್ಕೊಂದು ಕೊಸರು

ನಲವತ್ತು ದಾಟಿದ ಸಾಫ್ಟ್‌ವೇರಿನವರಿಗೆ ಇದ್ದಕ್ಕಿದ್ದಂತೆ ಮಣ್ಣಿನ ಮೇಲೆ ಪ್ರೀತಿ ಉಕ್ಕುತ್ತದೆ. ಡಲ್ಲಾಸಿನ ನನ್ನ ಗೆಳೆಯನೊಬ್ಬ ಮೇಕೆ ಸಾಕುತ್ತೇನೆಂದು ಹತ್ತು ವರ್ಷದಿಂದ ಹೇಳುತ್ತಿದ್ದಾನೆ. ಹ್ಯೂಸ್ಟನ್ ಕಡೆ ಫುಲ್‌ಶೀರ್‌ನಲ್ಲಿ ಮನೆ ಕಟ್ಟಿಸಿದ ಇನ್ನೊಬ್ಬನದು ಕರಿಬೇವಿನ ತೋಟದ ಕನಸು. ಇಬ್ಬರೂ ಬುದ್ಧಿವಂತರು, ಮಾತಿನಲ್ಲೇ ನಿಂತಿದ್ದಾರೆ. ನಾನೊಬ್ಬ ಮಾತ್ರ 2013ರಲ್ಲಿ ದುಡುಕಿ ಟೆಕ್ಸಾಸಿನ ಜಾರ್ಜ್‌ಟೌನ್ ಆಚೆ ಜಮೀನು ತೆಗೆದುಕೊಂಡೆ, ಅದೂ ಕ್ರಿಸ್‌ಮಸ್ ಮರ ಬೆಳೆಯಲು. ನಾವು ಮನೆಯಲ್ಲಿ ಒಂದು ದಿನವೂ ಕ್ರಿಸ್‌ಮಸ್ ಮರ ಇಟ್ಟವರಲ್ಲ. ಆದರೆ ಪೈನ್ ಸಸಿ ನೆಟ್ಟು ನಾಲ್ಕು ವರ್ಷ ಕಾದರೆ, ಆಮೇಲೆ ವರ್ಷಕ್ಕೆ ನಾಲ್ಕು ವಾರಾಂತ್ಯ ಮಾರಿದರೆ ಸಾಕೆಂದು ಯಾರೋ ಹೇಳಿದ್ದರು. ಉಳಿದ ದಿನ ಮರದ ನೆರಳಲ್ಲಿ ಮಲಗಬಹುದು ಎಂಬುದು ನನ್ನ ಅಂದಾಜು.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಮರವಲ್ಲ, ರೌಂಡ್ ರಾಕ್‌ನ ಆಫೀಸಿನಿಂದ ಬಿಡುಗಡೆ. ಹೆಂಡತಿ ವಾಣಿಯೂ ಬೇರೊಂದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡಿ ಮಾಡಿ ಬೇಸತ್ತಿದ್ದಳು. ಹಾಗಾಗಿ ನಮ್ಮಲ್ಲೊಂದು ಒಪ್ಪಂದವಾಯಿತು. ಮೊದಲ ಸೀಸನ್ ಚೆನ್ನಾಗಿ ನಡೆದರೆ ಒಬ್ಬರು ಕೆಲಸ ಬಿಟ್ಟು ತೋಟ ನೋಡಿಕೊಳ್ಳುವುದು. ನಡೆಯದಿದ್ದರೆ, ಬೇಲಿಯವರೆಗೂ ಮನೆ ಕಟ್ಟುತ್ತ ಬಂದಿರುವ ಬಿಲ್ಡರಿಗೆ ಜಮೀನು ಕೊಟ್ಟುಬಿಡುವುದು. ಆ ಒಬ್ಬರು ಯಾರೆಂದು ನಾವು ಚರ್ಚಿಸಲಿಲ್ಲ. ಅದರಲ್ಲಿ ಚರ್ಚಿಸುವಂಥದ್ದೇನಾದರೂ ಇದೆಯೆಂದು ನನಗೆ ಹೊಳೆಯಲೂ ಇಲ್ಲ.

ಪೈನ್ ಮರ ತಾನಾಗಿಯೇ ಗೋಪುರದ ಆಕಾರಕ್ಕೆ ಬೆಳೆಯುತ್ತದೆಂದು ತಿಳಿದಿದ್ದೆ. ಬಿಟ್ಟರೆ ಅದು ನಿದ್ದೆಯಿಂದ ಎದ್ದವನ ತಲೆಕೂದಲಿನಂತೆ ಬೆಳೆಯುತ್ತದೆ. ಟೆಕ್ಸಾಸಿನ ಬೇಸಿಗೆಯಲ್ಲಿ ಉದ್ದನೆಯ ಕತ್ತಿ ಹಿಡಿದು, ಒಂದೊಂದು ಮರವನ್ನೂ ಸುತ್ತು ಹಾಕಿ ಸವರಬೇಕು. ನಾಲ್ಕು ಬೇಸಿಗೆಯ ಶನಿವಾರ ಭಾನುವಾರಗಳನ್ನು ಹೀಗೆ ಪ್ರದಕ್ಷಿಣೆಯಲ್ಲಿ ಕಳೆದೆ. ಇಷ್ಟನ್ನು ಯಾವುದಾದರೂ ಅರಳಿಮರಕ್ಕೆ ಹಾಕಿದ್ದರೆ ಪ್ರಮೋಷನ್ನಾದರೂ ಸಿಗುತ್ತಿತ್ತು.

ಅಂತೂ 2017ರ ಸೀಸನ್ ಬಂತು. ಗಿರಾಕಿಗಳು ತಾವೇ ಮರ ಆರಿಸಿ, ನಾವು ಕೊಟ್ಟ ಗರಗಸದಲ್ಲಿ ಕೊಯ್ದು, ಕಾರಿನ ಮೇಲೆ ಕಟ್ಟಿಕೊಂಡು ಹೋಗುವುದು ಇಲ್ಲಿಯ ಪದ್ಧತಿ. ನಾನು ತೋಟದ ಹಿಂಭಾಗದಲ್ಲಿ ಮರ ತೋರಿಸುತ್ತಿದ್ದೆ. ವಾಣಿ ಗೇಟಿನ ಬಳಿ ಮೇಜು ಹಾಕಿಕೊಂಡಿದ್ದಳು. ಮೇಜಿನ ಪಕ್ಕದ ಮರಗಳ ಸಾಲು ಮುಂದಿನ ವರ್ಷಕ್ಕೆಂದು ಉಳಿಸಿಕೊಂಡದ್ದು. ಎರಡನೆಯ ಶನಿವಾರ ನಾನು ಕಾಫಿ ಕುಡಿಯಲು ಅಲ್ಲಿಗೆ ಬಂದಾಗ ಮಗಳು ಅನು, "ಡ್ಯಾಡಿ, ದೀಸ್ ಟ್ರೀಸ್ ಆರ್ ಬಾಲ್ಡ್" ಎಂದಳು. ನೋಡಿದರೆ ಆ ಸಾಲಿನ ಅಷ್ಟೂ ಮರಗಳು ಮೇಜಿನ ಕಡೆಗೆ ಬೋಳು ಬೋಳು.

"ಯಾರೇ ಇದನ್ನ ಕಿತ್ತಿದ್ದು?" ಎಂದು ಕೂಗಿದೆ.

"ನಾನೇ. ಕೊಸರು ಕೊಟ್ಟೆ" ಎಂದಳು ವಾಣಿ.

ವಾಣಿ ಮೈಸೂರಿನ ಮಾರ್ಕೆಟ್ಟಿನಲ್ಲಿ ಹೂವು ಕೊಂಡು ಬೆಳೆದವಳು. ಮೊಳ ಹಾಕಿದ ಮೇಲೆ ಗೇಣುದ್ದ ಕೊಸರು ಬಿಡದ ಹೂವಾಡಗಿತ್ತಿಯ ಹತ್ತಿರ ಅವರ ಮನೆಯವರು ಎರಡನೇ ಸಲ ಹೋದವರಲ್ಲ. ಈಗ ತಾನು ಮಾರಲು ನಿಂತಾಗ, ಮರ ಕೊಂಡವರಿಗೆಲ್ಲ ಪಕ್ಕದ ಮರದಿಂದ ಒಂದೊಂದು ಕೊಂಬೆ ಕತ್ತರಿಸಿ ಕೊಟ್ಟಿದ್ದಳು.

"ಅವ್ರೇನು ಕೇಳಿದ್ರಾ?"

"ಪಾಪ, ಅವ್ರಿಗೆ ಕೇಳೋದಕ್ಕೂ ಗೊತ್ತಿಲ್ಲ ರೀ. ಅದಕ್ಕೇ ನಾನೇ ಕೊಟ್ಟೆ."

"ಕೊಡ್ಲೇಬೇಕು ಅಂದ್ರೆ ಅವ್ರು ಕೊಯ್ದ ಮರದ ಬುಡದಲ್ಲೇ ನಾಲ್ಕು ಕೊಂಬೆ ತೆಗೆದು ಕೊಡು."

"ಅವ್ರದ್ದನ್ನೇ ಕಿತ್ತು ಅವ್ರಿಗೇ ಕೊಸರು ಕೊಡೋದಾ? ಮಾನ ಮರ್ಯಾದೆ ಬೇಡ್ವಾ?"

ನನಗೆ ನಿಜಕ್ಕೂ ಅಳು ಬಂತು. ಮುಂದಿನ ವರ್ಷದ ಸಾಲು ಹಾಳಾಯಿತು. ಇನ್ನು ತೋಟ ಬಿಲ್ಡರಿಗೆ, ನಾನು ಸೋಮವಾರದ ಮೀಟಿಂಗಿಗೆ ಎಂದುಕೊಂಡೆ.

ಅಷ್ಟರಲ್ಲಿ ಬೇಲಿಯಾಚೆಯ ಹೊಸ ಮನೆಗಳಲ್ಲೊಂದಕ್ಕೆ ಬಂದಿದ್ದ ಧಾರವಾಡದ ದೇಸಾಯಿಯವರು ಇಡೀ ತೋಟ ಸುತ್ತಿ ಬಂದು, ಬೋಳು ಮರದ ಮುಂದೆ ನಿಂತು, "ಇದನ್ನ ಕೊಡ್ರಿ" ಎಂದರು. ಒಂದು ಕಡೆ ಕೊಂಬೆಯೇ ಇಲ್ಲ ಸರ್, ಎಂದೆ.

"ಅದಕ್ಕ ಬೇಕ್ರಿ! ನಮ್ಮ ಹಾಲ್‌ನಾಗ ಟೀವಿ ಅದ, ಸೋಫಾ ಅದ, ದೇವರ ಮಂಟಪ ಅದ. ದುಂಡನ್ನ ಗಿಡಾ ಎಲ್ಲಿಡ್ಲಿ? ಮಗಳಿಗೆ ಗಿಡಾ ಬೇಕಂತ, ನಮ್ಮ ಮನಿಯಾಕಿಗೆ ಜಾಗಾ ಬೇಕಂತ. ಇದರ ಬೆನ್ನು ಗ್ವಾಡಿಗೆ ಹಚ್ಚಿ ನಿಲ್ಲಸ್ತೀನಿ."

ಮರುವಾರ ಅವರ ಬೀದಿಯವರೆಲ್ಲ, ಬಿಳಿಯರೂ ಸೇರಿದಂತೆ, ಗೋಡೆಗೆ ಒರಗುವ ಮರ ಕೇಳಿಕೊಂಡು ಬಂದರು. ಕೊಸರನ್ನೂ ಕೇಳಿದರು, ಹೋದ ವಾರ ಒಯ್ದವರು ಅದನ್ನು ಬಾಗಿಲಿಗೆ ಕಟ್ಟಿ ಬೀದಿಗೆಲ್ಲ ತೋರಿಸಿದ್ದರಂತೆ. ನಾಲ್ಕು ಬೇಸಿಗೆ ನಾನು ಬೆವರು ಸುರಿಸಿ ದುಂಡಗೆ ಮಾಡಿದ್ದ ಮರಗಳು ನಿಧಾನವಾಗಿ ಹೋದವು. ವಾಣಿ ಬೋಳಿಸಿದ ಸಾಲು ಒಂದೇ ದಿನದಲ್ಲಿ ಖಾಲಿಯಾಯಿತು.

ಕೊನೆಯ ಭಾನುವಾರ ಮೇಜು ಮಡಚುತ್ತ ವಾಣಿ, "ರೀ, ನಾಳೆ ನಾನು ಆಫೀಸಲ್ಲಿ ಹೇಳಿಬಿಡ್ತೀನಿ. ನೀವು ಸವರೋದೇನೋ ಚೆನ್ನಾಗಿ ಸವರ್ತೀರಿ, ಮಾರೋದಕ್ಕೆ ಬರಲ್ಲ. ಸವರೋದು ಹೇಗೂ ವೀಕೆಂಡ್ ಕೆಲಸ ತಾನೆ?" ಎಂದಳು. ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ. "ರಾಜೀನಾಮೆ ಪತ್ರ ಹೇಗೆ ಬರೀಬೇಕೋ ಏನೋ" ಎಂದು ಅವಳೇ ಚಿಂತೆ ಮಾಡಿದಳು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದಿತ್ತು; ನಾಲ್ಕು ವರ್ಷ ಒಂದೊಂದು ಪದವನ್ನೂ ತಿದ್ದಿ ತೀಡಿ ಇಟ್ಟದ್ದು. ನನ್ನ ಹೆಸರು ತೆಗೆದು ಅವಳದನ್ನು ಹಾಕಿ ಅವಳಿಗೆ ಕಳಿಸಿದೆ. ಓದಿದ ಅವಳ ಮ್ಯಾನೇಜರಿಗೆ ಕಣ್ಣು ತುಂಬಿ ಬಂತಂತೆ.