ಪ್ರಿಂಟರಿನ ನೆಗಡಿ

ಪ್ರಹ್ಲಾದನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅವನ ಕಷ್ಟಕ್ಕೆಲ್ಲ ಅದೇ ಮೂಲ. ಮುಳಬಾಗಿಲಿನ ಅಂಚಿನಲ್ಲಿದ್ದ ಅವನ ಪ್ರೈಮರಿ ಶಾಲೆಯಲ್ಲಿ ಹಾಜರಿ ಪುಸ್ತಕದ ಹೆಸರುಗಳು, ಬಹುಮಾನದ ಸರ್ಟಿಫಿಕೇಟು, ಗೋಡೆಯ ಮೇಲಿನ ಸುವಿಚಾರ ಎಲ್ಲವನ್ನೂ ಹದಿನಾಲ್ಕು ವರ್ಷಗಳಿಂದ ಅವನೇ ಬರೆಯಬೇಕಿತ್ತು. ಸಹೋದ್ಯೋಗಿಗಳ ಮನೆಯಲ್ಲಿ ಮದುವೆಯಾದರೆ ಲಗ್ನಪತ್ರಿಕೆಯ ಕವರುಗಳು ಕಟ್ಟುಗಟ್ಟಲೆ ಅವನ ಮನೆಗೇ ಬರುತ್ತಿದ್ದವು. ಪೆನ್ನು ಹಿಡಿದು ಹಿಡಿದು ಬೆರಳಿನ ಮೇಲೆ ಗಂಟೆದ್ದಿತ್ತು. ಭಾನುವಾರ ಎಂದರೇನೆಂಬುದೇ ಅವನಿಗೆ ಮರೆತುಹೋಗಿತ್ತು.

ಅದಕ್ಕೇ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನೂ ಇಂಕಿನ ಪ್ರಿಂಟರನ್ನೂ ತಂದ. ಹೆಡ್ಮಾಸ್ಟರ್ ಚನ್ನರಾಯಪ್ಪನವರು ಅಕ್ಟೋಬರ್ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಬರಲಿದ್ದ ಗಂಗರತ್ನಮ್ಮ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮಾತು ಕೊಟ್ಟಿದ್ದರು.

“ಸಾರ್‌ಗೆ ಕೊಡೋ ಬಿನ್ನವತ್ತಳೆ ನಿಮ್ ಮೆಷೀನಲ್ಲಿ ಚೆನ್ನಾಗಿ ಬರ್ಲಿ ಮೇಷ್ಟ್ರೇ. ಇನ್ಮೇಲೆ ಎಲ್ಲಾ ಅದರಲ್ಲೇ. ನಿಮ್ ಕೈಗೆ ಪೆನ್ನು ಕೊಡಲ್ಲ.”

ಬೀಳ್ಕೊಡುಗೆಯ ದಿನ ಬಂತು. ಸಮಾರಂಭ ಸಾಯಂಕಾಲ ನಾಲ್ಕಕ್ಕೆ. ಪ್ರಹ್ಲಾದ ರಜೆ ಹಾಕಿ, ಆಯುಧಪೂಜೆಯಾದ ಮೇಲೆ ಮುಟ್ಟಿರದ ಪ್ರಿಂಟರಿನ ಮೇಲಿನ ಬಟ್ಟೆ ಸರಿಸಿದ. ಮೊದಲ ಹಾಳೆ ಬಂತು. ಅಕ್ಷರಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಗೆರೆಗೆರೆಯಾಗಿದ್ದವು. ಎರಡನೆಯ ಹಾಳೆಯಲ್ಲಿ ಚನ್ನರಾಯಪ್ಪನವರ ಹೆಸರೇ ಮಾಯವಾಗಿತ್ತು. ಗಾಬರಿಯಿಂದ ಬೆಂಗಳೂರಿನ ಅಂಗಡಿಯವನಿಗೆ ಫೋನು ಮಾಡಿದ.

“ಹೆಡ್ ಕಟ್ಕೊಂಡಿದೆ ಸಾರ್. ಇಂಕಿನ ಡಬ್ಬಿ ತೆಗೆದು, ಅದರ ಬಾಯನ್ನ ಬಿಸಿನೀರಲ್ಲಿ ಅದ್ದಿದ ಬಟ್ಟೆ ಮೇಲೆ ಒತ್ತಿ. ಬಿಟ್ಕೊಳ್ಳುತ್ತೆ.”

ಬಿಸಿನೀರು ಕೇಳಿದ್ದೇ ತಪ್ಪಾಯಿತು. ಅಮ್ಮ ಜಾನಕಮ್ಮ ನೀರು ಕಾಯಿಸಿ ತರುವಷ್ಟರಲ್ಲಿ ಸುದ್ದಿ ಪಕ್ಕದ ಮನೆಯ ಶಾಮಲಮ್ಮನಿಗೆ ಮುಟ್ಟಿ, ಆಕೆಯೂ ಹಿಂದೆಯೇ ಬಂದಳು.

“ಬಟ್ಟೆ ಒತ್ತಿದ್ರೆ ಏನಾಗುತ್ತೆ? ಮೂಗು ಕಟ್ಟಿದ್ರೆ ಹಬೆ ಹಿಡಿಸ್ತೀವೋ ಇಲ್ವೋ?” ಎಂದು ಡಬ್ಬಿಯನ್ನು ಇಕ್ಕಳದಲ್ಲಿ ಕಚ್ಚಿಸಿ ಪಾತ್ರೆಯ ಮೇಲೆ ಹಿಡಿದೇಬಿಟ್ಟಳು. ಇರಲಿ ಅಂತ ನೀರಿಗೆ ನಾಲ್ಕು ತುಳಸಿ ಎಲೆಯನ್ನೂ ಹಾಕಿದಳು.

ಪ್ರಹ್ಲಾದ ಡಬ್ಬಿ ಕಿತ್ತುಕೊಳ್ಳುವ ಹೊತ್ತಿಗೆ ಎದುರುಮನೆಯ ಸೈಕಲ್ ಶಾಪಿನ ಅಶ್ವತ್ಥಪ್ಪ ಪಂಪು ಹಿಡಿದುಕೊಂಡೇ ಒಳಗೆ ಬಂದ.

“ಏಮಪ್ಪಾ ಪ್ರಹ್ಲಾದ, ಗಾಳಿ ಹೊಡೀಬೇಕು ಇದಕ್ಕೆ. ಗಾಳಿಯಿಂದ ಏನೂ ಆಗಲ್ಲ, ಏಮೀ ಕಾದು.”

“ಬೇಡ ಅಣ್ಣಾ, ಒಳಗೆ ಇಂಕು...”

ಅಶ್ವತ್ಥಪ್ಪ ಆಗಲೇ ಡಬ್ಬಿಯ ಮೇಲಿನ ತೂತಿಗೆ ಟ್ಯೂಬಿಟ್ಟು ಜೋರಾಗಿ ಒಂದು ಸಲ ಒತ್ತಿಯಾಗಿತ್ತು. ಇಂಕು ಚಿಮ್ಮಿತು. ಅರ್ಧ ಪ್ರಹ್ಲಾದನ ಮುಖಕ್ಕೆ, ಇನ್ನರ್ಧ ಸಮಾರಂಭಕ್ಕೆಂದು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಗೆ.

“ನೋಡು, ಬಿಟ್ಕೊಂತು!” ಎಂದ ಅಶ್ವತ್ಥಪ್ಪ ಹೆಮ್ಮೆಯಿಂದ.

ಸುಳ್ಳಲ್ಲ. ಡಬ್ಬಿಯ ಬಾಯಿಗೆ ಅಂಟಿದ್ದ ಕೆಂಪನೆಯ ಹಕ್ಕಳೆಯೊಂದು ಉದುರಿಬಿದ್ದಿತ್ತು. ಕಪ್ಪು ಇಂಕಿಗೆ ಈ ಕೆಂಪು ಎಲ್ಲಿಂದ ಬಂತೆಂದು ಯೋಚಿಸಲು ಪ್ರಹ್ಲಾದನಿಗೆ ಪುರುಸೊತ್ತಿರಲಿಲ್ಲ. ಡಬ್ಬಿ ಹಾಕಿ ಇನ್ನೊಂದು ಹಾಳೆ ಕೊಟ್ಟ. ಅಕ್ಷರಗಳು ಕಾಡಿಗೆ ತೀಡಿದ ಹಾಗೆ ಬಂದವು. ಅವನ ಕಣ್ಣು ತುಂಬಿತು. ಹದಿನಾಲ್ಕು ವರ್ಷದ ಜೀತ ಮುಗಿದಿತ್ತು.

ಡಬ್ಬಿಯ ಹೊರಗೆಲ್ಲ ಇಂಕು ಮೆತ್ತಿತ್ತು. ಅದನ್ನು ಮತ್ತೆ ಹೊರತೆಗೆದು ಒರೆಸಿ, ಆರಲೆಂದು ಬಾಯಿ ಮೇಲಾಗಿ ತಟ್ಟೆಯಲ್ಲಿಟ್ಟು, ಬಿನ್ನವತ್ತಳೆಗೆ ತಕ್ಕ ದಪ್ಪ ಹಾಳೆ ತರಲು ಕದಿರೇಶನ ಫ್ರೇಮ್ ಅಂಗಡಿಗೆ ಓಡಿದ. ಬಂಗಾರದ ಅಂಚಿನ ಹಾಳೆ ಅಲ್ಲಿ ಒಂದೇ ಒಂದು ಉಳಿದಿತ್ತು. ಮೂರೂವರೆಗೆ ಮನೆ ಸೇರಿ, ಡಬ್ಬಿ ಸಿಕ್ಕಿಸಿ, ಹಾಳೆಯಿಟ್ಟು ಗುಂಡಿ ಒತ್ತಿದ.

ಪ್ರಿಂಟರು ಗರಗರ ಎಂದು ಓಡಾಡಿ ಹಾಳೆಯನ್ನು ಹೊರಗೆ ಬಿಟ್ಟಿತು. ಹಾಳೆ ಬೆಳ್ಳಗಿತ್ತು. ಮೇಲ್ಗಡೆ ಮಾತ್ರ ಹಳದಿಯ ಒಂದು ಸಣ್ಣ ಗೀರು ಎಳೆದಿತ್ತು. ಪ್ರಹ್ಲಾದ ಡಬ್ಬಿ ಕಿತ್ತು ತಿರುಗಿಸಿ ನೋಡಿದ. ಅದರ ಬಾಯಿಯ ಮೇಲೆ ದುಂಡಗೆ ಅರಿಶಿನ, ನಡುವೆ ಕುಂಕುಮ.

“ಅಮ್ಮಾ! ಏನಮ್ಮಾ ಇದು?”

“ಇಷ್ಟ್ ಕಾಟ ಕೊಟ್ಟು ಸರಿಹೋಯ್ತಲ್ಲ, ಅದಕ್ಕೇ ಕೈ ಮುಗಿದು ಬೊಟ್ಟಿಟ್ಟೆ,” ಎಂದರು ಜಾನಕಮ್ಮ. “ಅಲ್ಲಿ ಹಿತ್ತಾಳೆ ಥರ ಮಿರಮಿರ ಅಂತಿತ್ತು. ಅದೇ ಮುಖ ಅಲ್ವೇನೋ? ಆಯುಧಪೂಜೆ ದಿನ ನೀನು ಒರೆಸೋಕೆ ಬಿಚ್ಚಿಟ್ಟಿದ್ದಾಗ್ಲೂ ಅಲ್ಲೇ ಇಟ್ಟಿದ್ದೆ ಕಣೋ. ಆವತ್ತು ಇನ್ನೂ ದಪ್ಪಗೆ.”

ನಾಲ್ಕಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಪ್ರಹ್ಲಾದ ಪೆನ್ನು ತೆಗೆದು ಅದೇ ಹಾಳೆಯ ಮೇಲೆ ಬರೆಯಲು ಕೂತ.

ಶಾಲೆಯ ವೇದಿಕೆಯಲ್ಲಿ ಬಿನ್ನವತ್ತಳೆ ಓದಿದ ಗಂಗರತ್ನಮ್ಮ ಮೇಡಂ ಹಾಳೆಯನ್ನು ಸಭೆಯ ಕಡೆಗೆ ಎತ್ತಿ ಹಿಡಿದರು.

“ಮೆಷೀನಲ್ಲಿ ಹೊಡೆದು ತರ್ತಾರೆ ಅಂದ್ಕೊಂಡಿದ್ದೆ. ಸಾರ್ ಮೇಲಿನ ಪ್ರೀತಿಗೆ ಮೇಷ್ಟ್ರು ಕೈಯಾರೆ ಬರೆದಿದ್ದಾರೆ. ಮೇಲ್ಗಡೆ ಅರಿಶಿನಾನೂ ಹಚ್ಚಿದ್ದಾರೆ! ಅವರ ಮುಖದ ಮೇಲಿನ ಇಂಕು ನೋಡಿ, ಎಷ್ಟು ಸಲ ತಿದ್ದಿ ಬರೆದಿರಬೇಕು! ನಾನು ಕೊಟ್ಟ ಮಾತು ವಾಪಸ್ ತಗೋತೀನಿ. ಈ ಶಾಲೇಲಿ ಇನ್ಮೇಲೆ ಒಂದಕ್ಷರಾನೂ ಮೆಷೀನಲ್ಲಿ ಬೇಡ.”

ಚಪ್ಪಾಳೆ ನಿಲ್ಲಲೇ ಇಲ್ಲ. ಚನ್ನರಾಯಪ್ಪನವರು ಹಾರದ ಸಮೇತ ಅವನನ್ನು ಅಪ್ಪಿಕೊಂಡರು.

“ಮುಂದಿನ ತಿಂಗಳು ಮಗಳ ಮದುವೆ ಕಣಯ್ಯಾ. ಕವರ್ ಮೇಲಿನ ವಿಳಾಸ ನಿನ್ನ ಮೆಷೀನಲ್ಲಿ ಹೊಡೆಸೋಣ ಅಂತಿದ್ದೆ. ಛೇ, ಛೇ! ನೀನೇ ಬರೆದುಬಿಡು. ಸುಗಟೂರಿಂದ ಮಾಸ್ತಿವರೆಗೆ ಎಂಟುನೂರು ಮನೆ, ಅಷ್ಟೇ.”

ಕವರಿನ ಕಟ್ಟು ಹೊತ್ತು ಮನೆಗೆ ಬಂದ ಮಗನನ್ನು ನೋಡಿ ಜಾನಕಮ್ಮ ಹಿಗ್ಗಿದರು. “ನೋಡ್ದ್ಯಾ? ಊರೆಲ್ಲ ಹೊಗಳ್ತಿದೆಯಂತೆ. ನಾನು ಬೊಟ್ಟಿಟ್ಟಿದ್ದು ಸುಮ್ನೆ ಹೋಗ್ಲಿಲ್ಲ.”

ಪ್ರಹ್ಲಾದನಿಗೆ ಥಟ್ಟನೆ ಏನೋ ಹೊಳೆಯಿತು. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ನಿಬ್ಬನ್ನು ಅಮ್ಮನ ಮುಂದೆ ಹಿಡಿದ.

“ಅಮ್ಮಾ, ಇದಕ್ಕೂ ಒಂದು ಬೊಟ್ಟಿಡು. ದಪ್ಪಗೆ.”

ಜಾನಕಮ್ಮ ಭಕ್ತಿಯಿಂದ ಇಟ್ಟರು. ಪ್ರಹ್ಲಾದ ಆಸೆಯಿಂದ ಮೊದಲ ಕವರು ಎಳೆದುಕೊಂಡ. ಪೆನ್ನು ಎಂದಿಗಿಂತ ಸರಾಗವಾಗಿ ಬರೆಯಿತು.